ಲ್ಯಾಬಿನಲ್ಲಿ ಮೀಡಿಯಾ ತಯಾರಿಸುವುದು ಹೇಗೆ? ಪುಡಿ ತೂಗುವುದರಿಂದ ಪ್ಲೇಟ್ ಹುಯ್ಯುವವರೆಗೆ

"ಪ್ಲೇಟ್ ಗಟ್ಟಿಯೇ ಆಗಲಿಲ್ಲ, ಏನು ಮಾಡಲಿ?" "ಏನೂ ಹಾಕದ ಪ್ಲೇಟಿನಲ್ಲೂ ಬಿಳಿ ಚುಕ್ಕೆಗಳು ಬಂದಿವೆ, ಯಾಕೆ?" "ಮೀಡಿಯಾ ಕಂದು ಬಣ್ಣಕ್ಕೆ ತಿರುಗಿದೆ, ಬಳಸಬಹುದಾ?" ಈ ಮೂರು ಪ್ರಶ್ನೆ ನನಗೆ ಎಷ್ಟು ಸಲ ಬಂದಿವೆಯೋ ಲೆಕ್ಕವಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಮೀಡಿಯಾ ಅಂದರೆ ಬ್ಯಾಕ್ಟೀರಿಯಾ, ಬೂಷ್ಟುಗಳನ್ನು ಬೆಳೆಸಲು ತಯಾರಿಸುವ ಆಹಾರ.

ಪ್ರಯೋಗ ಕೆಟ್ಟಾಗ ಎಲ್ಲರೂ ಮೊದಲು ಅನುಮಾನಪಡೋದು ಬ್ಯಾಕ್ಟೀರಿಯಾವನ್ನು. ಕಲ್ಚರ್ (ಬೆಳೆಸಿಟ್ಟ ಬ್ಯಾಕ್ಟೀರಿಯಾ) ಸತ್ತಿರಬೇಕು, ಇನ್‌ಕ್ಯುಬೇಟರ್ (ಒಂದೇ ಬಿಸಿಯಲ್ಲಿಡುವ ಪೆಟ್ಟಿಗೆ) ಸರಿಯಿಲ್ಲ, ಹೀಗೆ. ನಾನು ನೋಡಿದ ಮಟ್ಟಿಗೆ ತಪ್ಪು ಅದಕ್ಕೂ ಒಂದು ದಿನ ಮೊದಲೇ ಆಗಿಹೋಗಿರುತ್ತದೆ. ಫ್ಲಾಸ್ಕಿನಲ್ಲಿ. ಮೀಡಿಯಾವನ್ನು ಗಟ್ಟಿ ಮಾಡುವ ಅಗರ್ ಪುಡಿ ಪೂರ್ತಿ ಕರಗುವ ಮೊದಲೇ ಉರಿ ಆರಿಸಿದ್ದು, ಆಟೋಕ್ಲೇವಿನ (ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಪಾತ್ರೆ) ಗಾಳಿ ಹೊರಗೆ ಹೋಗಲು ಬಿಡದೇ ಇದ್ದದ್ದು, ಬಿಸಿ ಬಿಸಿ ಇರುವಾಗಲೇ ಹುಯ್ದದ್ದು. ಹಾಗಾಗಿ ಈ ಮೂರು ಹಂತಗಳ ಬಗ್ಗೆ ಜಾಸ್ತಿ ಬರೆಯುತ್ತೇನೆ, ಉಳಿದದ್ದನ್ನು ಬೇಗ ಮುಗಿಸುತ್ತೇನೆ.

ಮೊದಲೇ ಒಂದು ಎಚ್ಚರಿಕೆ. ಇದು ಲ್ಯಾಬಿನಲ್ಲಿ ಮಾಡುವ ಕೆಲಸ. ಮೀಡಿಯಾ ತಯಾರಿಸುವುದರಲ್ಲಿ ಮುಖ್ಯ ಅಪಾಯ ಅಂದರೆ ಬಿಸಿ ಮತ್ತು ಒತ್ತಡ. ಆದರೆ ಅದರ ಮೇಲೆ ಏನು ಬೆಳೆಸುತ್ತೀರಿ ಅನ್ನೋದು ಬೇರೆ ವಿಷಯ. ಗಂಟಲಿನ ದ್ರವ, ಗಾಯದ ಕೀವು, ಚರಂಡಿ ನೀರು, ಇಂಥವನ್ನು ಮನೆಯಲ್ಲೋ ತರಗತಿಯಲ್ಲೋ ಸುಮ್ನೆ ಕುತೂಹಲಕ್ಕೆ ಬೆಳೆಸಬೇಡಿ. ಕಣ್ಣಿಗೆ ಕಾಣದ ಒಂದು ಜೀವಿ ಒಂದೇ ರಾತ್ರಿಯಲ್ಲಿ ಕೋಟಿಗಟ್ಟಲೆ ಆಗಿ ನಿಮ್ಮ ಕೈಯಲ್ಲಿರುತ್ತದೆ.

ಮೀಡಿಯಾದಲ್ಲಿ ಇರೋದೇನು?

ಪಠ್ಯಪುಸ್ತಕದಲ್ಲಿ ಇದಕ್ಕೆ ಪೋಷಕ ಮಾಧ್ಯಮ ಅಂತ ಹೆಸರು. ಲ್ಯಾಬಿನಲ್ಲಿ ಎಲ್ಲರೂ ಮೀಡಿಯಾ ಅಂತಾರೆ, ನಾನೂ ಹಾಗೇ ಬರೆಯುತ್ತೇನೆ. ತೆಳ್ಳಗೆ ನೀರಿನಂತೆ ಇದ್ದರೆ ಅದು ಬ್ರಾತ್. ಅದಕ್ಕೇ ಅಗರ್ ಸೇರಿಸಿ ಗಟ್ಟಿ ಮಾಡಿ ತಟ್ಟೆಗೆ ಹುಯ್ದರೆ ಪ್ಲೇಟ್. ಪರೀಕ್ಷಾ ನಳಿಕೆಯಲ್ಲಿ ಓರೆಯಾಗಿ ಮಲಗಿಸಿ ಗಟ್ಟಿ ಮಾಡಿದರೆ ಸ್ಲ್ಯಾಂಟ್.

ಎಲ್ಲರೂ ಮೊದಲು ಕಲಿಯುವ ನ್ಯೂಟ್ರಿಯೆಂಟ್ ಅಗರನ್ನೇ ತೆಗೆದುಕೊಳ್ಳಿ. ಒಂದು ಲೀಟರಿಗೆ ಪೆಪ್ಟೋನ್ 5 ಗ್ರಾಂ, ಬೀಫ್ ಎಕ್ಸ್‌ಟ್ರ್ಯಾಕ್ಟ್ 3 ಗ್ರಾಂ, ಉಪ್ಪು 5 ಗ್ರಾಂ, ಅಗರ್ 15 ಗ್ರಾಂ. ಒಟ್ಟು 28 ಗ್ರಾಂ. ಪೆಪ್ಟೋನ್ ಅಂದರೆ ಕಿಣ್ವದಿಂದಲೋ ಆಮ್ಲದಿಂದಲೋ ಚೂರು ಚೂರು ಮಾಡಿದ ಪ್ರೋಟೀನ್. ಇಡೀ ಪ್ರೋಟೀನನ್ನು ಒಳಗೆ ಎಳೆದುಕೊಳ್ಳಲು ಬ್ಯಾಕ್ಟೀರಿಯಾಕ್ಕೆ ಆಗುವುದಿಲ್ಲ, ಚೂರುಗಳನ್ನಾದರೆ ಸುಲಭವಾಗಿ ತೆಗೆದುಕೊಳ್ಳುತ್ತದೆ. ನೈಟ್ರೋಜನ್ ಸಿಗೋದು ಮುಖ್ಯವಾಗಿ ಅದರಿಂದಲೇ. ಬೀಫ್ ಎಕ್ಸ್‌ಟ್ರ್ಯಾಕ್ಟ್ ಅಂದರೆ ಮಾಂಸ ಬೇಯಿಸಿದ ನೀರನ್ನು ಬತ್ತಿಸಿದ ಸಾರ. ಅದರಲ್ಲಿ ಲವಣ, ವಿಟಮಿನ್, ಇನ್ನಷ್ಟು ಚೂರುಪಾರು ಇರುತ್ತವೆ. ಬಹಳ ಮೀಡಿಯಾಗಳಲ್ಲಿ ಇದರ ಜೊತೆಗೆ ಅಥವಾ ಬದಲಿಗೆ ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ಹಾಕುತ್ತಾರೆ. ಅದು ಬಿ ಗುಂಪಿನ ವಿಟಮಿನ್‌ಗಳ ಗಣಿ.

ಅಗರ್ ಮಾತ್ರ ಊಟ ಅಲ್ಲ. ಕೆಂಪು ಸಮುದ್ರ ಪಾಚಿಗಳಿಂದ ತೆಗೆದ ಈ ಪುಡಿಯನ್ನು ತಿನ್ನುವ ಸೂಕ್ಷ್ಮಜೀವಿಗಳು ತೀರಾ ಕಡಿಮೆ, ಅದೇ ಅದರ ದೊಡ್ಡ ಗುಣ. ಮೊದಲು ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಖ್ ಅವರ ಲ್ಯಾಬಿನಲ್ಲಿ ಜೆಲಟಿನ್ ಬಳಸುತ್ತಿದ್ದರು. ಅದು 37 ಡಿಗ್ರಿಯಲ್ಲಿ ಕರಗಿ ನೀರಾಗುತ್ತಿತ್ತು. ಸಾಲದ್ದಕ್ಕೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ತಿಂದುಬಿಡುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಗೆ ಅಗರ್ ಬಳಸಿ ನೋಡಿ ಅಂತ ಹೇಳಿದ್ದು ಅವರ ಹೆಂಡತಿ ಫ್ಯಾನಿ ಹೆಸ್ಸೆ, 1880ರ ದಶಕದ ಶುರುವಿನಲ್ಲಿ. ಅಡುಗೆಮನೆಯ ಅನುಭವದಿಂದ ಬಂದ ಸಲಹೆ ಅದು. ಜೂಲಿಯಸ್ ಪೆಟ್ರಿ ಮುಚ್ಚಳದ ತಟ್ಟೆಯನ್ನು ವಿವರಿಸಿ ಬರೆದದ್ದು 1887ರಲ್ಲಿ. ಇವತ್ತಿಗೂ ನಾವು ಆ ಎರಡನ್ನೇ ಬಳಸುತ್ತಿದ್ದೇವೆ.

ಅಗರಿನ ಇನ್ನೊಂದು ಗುಣವನ್ನು ನೆನಪಿಡಿ, ಮುಂದಿನ ಅರ್ಧ ಲೇಖನ ಅದರ ಮೇಲೇ ನಿಂತಿದೆ. ಅದು ಕರಗೋದು 85 ಡಿಗ್ರಿಗಿಂತ ಮೇಲೆ, ಆದರೆ ಮತ್ತೆ ಗಟ್ಟಿಯಾಗೋದು 32ರಿಂದ 40 ಡಿಗ್ರಿಗೆ ಇಳಿದಾಗ. ಕರಗುವ ಬಿಸಿಯೇ ಬೇರೆ, ಹೆಪ್ಪುಗಟ್ಟುವ ಬಿಸಿಯೇ ಬೇರೆ. ಈ ನಡುವಿನ ಅಂತರದಲ್ಲೇ ನಾವು ಹುಯ್ಯುವ ಕೆಲಸ ಮುಗಿಸಬೇಕು.

ಯಾವ ಮೀಡಿಯಾ ಬೇಕು?

ಇದು ನೀವು ಏನು ಬೆಳೆಸುತ್ತೀರಿ ಅನ್ನೋದರ ಮೇಲೆ ಹೋಗುತ್ತದೆ. ಸಾಮಾನ್ಯ ಬ್ಯಾಕ್ಟೀರಿಯಾಕ್ಕೆ ನ್ಯೂಟ್ರಿಯೆಂಟ್ ಅಗರ್ ಸಾಕು. ಇ. ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯಾದ ಜೊತೆ ಡಿಎನ್‌ಎ ಕೆಲಸ ಮಾಡುವವರು ಎಲ್‌ಬಿ ಎಂಬ ಮೀಡಿಯಾ ಬಳಸುತ್ತಾರೆ: ಲೀಟರಿಗೆ ಟ್ರಿಪ್ಟೋನ್ (ಒಂದು ಬಗೆಯ ಪೆಪ್ಟೋನ್) 10 ಗ್ರಾಂ, ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ 5 ಗ್ರಾಂ, ಉಪ್ಪು 10 ಗ್ರಾಂ. ಉಪ್ಪು 5 ಗ್ರಾಂ ಇರುವ ಇನ್ನೊಂದು ಬಗೆಯೂ ಇದೆ, ಮೊದಲನೆಯದಕ್ಕೆ ಮಿಲ್ಲರ್, ಎರಡನೆಯದಕ್ಕೆ ಲೆನಾಕ್ಸ್ ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ. ಬೂಷ್ಟು ಮತ್ತು ಯೀಸ್ಟಿಗೆ ಪೊಟೇಟೊ ಡೆಕ್ಸ್‌ಟ್ರೋಸ್ ಅಗರ್, ಅಂದರೆ ಪಿಡಿಎ, ಅಥವಾ ಸಬೊರೊ ಅಗರ್. ಇವೆರಡೂ ಸ್ವಲ್ಪ ಹುಳಿ, ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಸಂಖ್ಯೆ ಕಡಿಮೆ) 5.6ರ ಆಸುಪಾಸು. ಬೂಷ್ಟಿಗೆ ಹುಳಿ ಒಗ್ಗುತ್ತದೆ, ಬಹಳ ಬ್ಯಾಕ್ಟೀರಿಯಾಗಳಿಗೆ ಒಗ್ಗುವುದಿಲ್ಲ.

ಇನ್ನು ಎರಡು ಪದಗಳನ್ನು ಜನ ಯಾವಾಗಲೂ ಗೊಂದಲ ಮಾಡಿಕೊಳ್ಳುತ್ತಾರೆ: ಸೆಲೆಕ್ಟಿವ್ ಮತ್ತು ಡಿಫರೆನ್ಶಿಯಲ್. ಸೆಲೆಕ್ಟಿವ್ ಅಂದರೆ ಬೇಡದವರನ್ನು ಬಾಗಿಲಲ್ಲೇ ತಡೆಯುವ ಮೀಡಿಯಾ. ಡಿಫರೆನ್ಶಿಯಲ್ ಅಂದರೆ ಒಳಗೆ ಬಂದವರಲ್ಲಿ ಯಾರು ಯಾರೆಂದು ಬಣ್ಣದಿಂದ ತೋರಿಸುವ ಮೀಡಿಯಾ. ಮೆಕಾಂಕಿ ಅಗರ್ ಎರಡನ್ನೂ ಮಾಡುತ್ತದೆ. ಅದರಲ್ಲಿರುವ ಪಿತ್ತ ಲವಣ ಮತ್ತು ಕ್ರಿಸ್ಟಲ್ ವಯಲೆಟ್ ಗ್ರಾಂ ಪಾಸಿಟಿವ್ (ಗ್ರಾಂ ಎಂಬ ಬಣ್ಣದ ಪರೀಕ್ಷೆಯಲ್ಲಿ ನೇರಳೆಯಾಗಿ ಕಾಣುವ) ಬ್ಯಾಕ್ಟೀರಿಯಾಗಳನ್ನು ತಡೆಯುತ್ತವೆ. ಲ್ಯಾಕ್ಟೋಸನ್ನು (ಹಾಲಿನ ಸಕ್ಕರೆ) ಹುಳಿಸುವ ಇ. ಕೊಲೈನಂಥವು ಗುಲಾಬಿ ಕಾಲೊನಿಗಳಾಗಿ (ಕಣ್ಣಿಗೆ ಕಾಣುವ ಚುಕ್ಕೆಯಂಥ ಗುಂಪು) ಬರುತ್ತವೆ, ಹುಳಿಸದ ಸಾಲ್ಮೊನೆಲ್ಲಾದಂಥವು ಬಣ್ಣವಿಲ್ಲದೆ ಬರುತ್ತವೆ. ಮ್ಯಾನಿಟಾಲ್ ಸಾಲ್ಟ್ ಅಗರಿನಲ್ಲಿ ಇದೇ ತಂತ್ರ, ಶೇ. 7.5 ಉಪ್ಪಿನಿಂದ. ಅಷ್ಟು ಉಪ್ಪನ್ನು ಸ್ಟೆಫಿಲೊಕಾಕಸ್ ಆರಾಮಾಗಿ ತಡೆದುಕೊಳ್ಳುತ್ತದೆ, ಉಳಿದ ಬಹಳಷ್ಟಕ್ಕೆ ಆಗುವುದಿಲ್ಲ.

ಹೊಸಬರಿಗೆ ನನ್ನ ಸಲಹೆ: ಬಿಡಿ ಸಾಮಗ್ರಿ ತಂದು ಬೆರೆಸುವುದಕ್ಕಿಂತ ಸಿದ್ಧ ಪುಡಿಯನ್ನೇ ತೆಗೆದುಕೊಳ್ಳಿ. ಪ್ರತಿ ಸಲ ಒಂದೇ ತರ ಬರುತ್ತದೆ, ಪಿಎಚ್ ತಲೆನೋವೂ ಕಡಿಮೆ.

ಬೇಕಾದ ವಸ್ತುಗಳು

ತಕ್ಕಡಿ, ಅಳತೆ ಜಾಡಿ, ಕೋನಿಕಲ್ ಫ್ಲಾಸ್ಕ್, ಡಿಸ್ಟಿಲ್ಡ್ ನೀರು, ಪಿಎಚ್ ಮೀಟರ್ ಅಥವಾ ಪಿಎಚ್ ಪಟ್ಟಿ, ಬಿಸಿ ಮಾಡಲು ಹಾಟ್‌ಪ್ಲೇಟ್, ನೀರು ಹೀರದ ಹತ್ತಿ, ಅಲ್ಯುಮಿನಿಯಂ ಹಾಳೆ, ಆಟೋಕ್ಲೇವ್, ಸ್ಟೆರೈಲ್ (ಯಾವ ಸೂಕ್ಷ್ಮಜೀವಿಯೂ ಇಲ್ಲದ) ಪೆಟ್ರಿ ತಟ್ಟೆಗಳು, ಬನ್ಸೆನ್ ಬರ್ನರ್ ಅಥವಾ ಲ್ಯಾಮಿನಾರ್ ಫ್ಲೋ, ದಪ್ಪ ಕೈಗವಸು, ಕನ್ನಡಕ. ಲ್ಯಾಮಿನಾರ್ ಫ್ಲೋ ಅಂದರೆ ಸೋಸಿದ ಗಾಳಿಯನ್ನು ಒಂದೇ ದಿಕ್ಕಿಗೆ ಬೀಸುತ್ತಾ ಇರುವ ಪೆಟ್ಟಿಗೆ. ಅದರಿಂದ ನಿಮ್ಮ ಪ್ಲೇಟಿಗೆ ರಕ್ಷಣೆ ಸಿಗುತ್ತದೆ, ನಿಮಗಲ್ಲ. ಗಾಳಿ ನಿಮ್ಮ ಮುಖದ ಕಡೆಗೇ ಬೀಸುತ್ತಿರುತ್ತದೆ, ಅಲ್ವಾ? ರೋಗಕಾರಕಗಳನ್ನು ಅದರಲ್ಲಿ ತೆರೆಯಬಾರದು.

ನೀರಿನ ವಿಷಯದಲ್ಲಿ ರಾಜಿ ಬೇಡ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರಬಹುದು, ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಈ ಎರಡು ಮೀಡಿಯಾದ ಫಾಸ್ಫೇಟ್ ಜೊತೆ ಸೇರಿ ಬಿಳಿ ಗಸಿಯಾಗಿ ತಳಕ್ಕೆ ಕೂರುತ್ತವೆ.

1. ಲೆಕ್ಕ ಹಾಕಿ

90 ಮಿಲಿಮೀಟರಿನ ಒಂದು ತಟ್ಟೆಗೆ 15ರಿಂದ 20 ಮಿಲಿ ಬೇಕು. 12 ತಟ್ಟೆ ಬೇಕಾದರೆ 240 ಮಿಲಿ, ಅಂದರೆ 250 ಮಿಲಿ ಮಾಡಿ. ಡಬ್ಬಿಯ ಮೇಲೆ ಲೀಟರಿಗೆ 28 ಗ್ರಾಂ ಅಂತ ಇದ್ದರೆ ನಿಮಗೆ ಬೇಕಾದ್ದು 7 ಗ್ರಾಂ. ಡಬ್ಬಿ ಓದದೆ "ನ್ಯೂಟ್ರಿಯೆಂಟ್ ಅಗರ್ ಅಂದರೆ 28 ಗ್ರಾಂ" ಅಂತ ಬಾಯಿಪಾಠ ಹೇಳಬೇಡಿ, ತಯಾರಕರು ಬದಲಾದರೆ ಅಳತೆಯೂ ಬದಲಾಗುತ್ತದೆ. ಪಿಡಿಎಗೆ ಸಾಮಾನ್ಯವಾಗಿ 39 ಗ್ರಾಂ, ಸಬೊರೊ ಡೆಕ್ಸ್‌ಟ್ರೋಸ್ ಅಗರಿಗೆ 65 ಗ್ರಾಂ.

ಓದುವಾಗ ಇನ್ನೊಂದನ್ನು ನೋಡಿ: ಡಬ್ಬಿಯ ಮೇಲೆ ಅಗರ್ ಅಂತ ಇದೆಯಾ, ಬ್ರಾತ್ ಅಂತ ಇದೆಯಾ? ಪ್ಲೇಟ್ ಗಟ್ಟಿ ಆಗಲಿಲ್ಲ ಅಂತ ಬರೆಯುವವರಲ್ಲಿ ಕೆಲವರು ತೂಗಿದ್ದು ಬ್ರಾತ್ ಪುಡಿಯನ್ನು. ನಗಬೇಡಿ, ನಾನೂ ಒಮ್ಮೆ ಮಾಡಿದ್ದೇನೆ. ಎರಡು ಡಬ್ಬಿಗಳೂ ಅಕ್ಕಪಕ್ಕದಲ್ಲಿ ಒಂದೇ ಬಣ್ಣದಲ್ಲಿ ಕೂತಿರುತ್ತವೆ.

2. ತೂಗಿ, ಡಬ್ಬಿ ತಕ್ಷಣ ಮುಚ್ಚಿ

ಈ ಪುಡಿಗಳು ಗಾಳಿಯ ತೇವ ಹೀರುತ್ತವೆ. ಡಬ್ಬಿ ತೆರೆದಿಟ್ಟು ಫೋನಿನಲ್ಲಿ ಮಾತಾಡುತ್ತಾ ನಿಂತರೆ ಮುಂದಿನ ತಿಂಗಳು ಒಳಗೆ ಕಲ್ಲಿನಂಥ ಗಟ್ಟಿ ಇರುತ್ತದೆ. ಗಟ್ಟಿಯಾದ, ಬಣ್ಣ ಕಪ್ಪಾದ ಪುಡಿಯನ್ನು ಕುಟ್ಟಿ ಬಳಸಬೇಡಿ. ಪುಡಿ ತುಂಬಾ ನುಣ್ಣಗಿರುತ್ತದೆ, ಮೂಗಿಗೆ ಹೋಗದಂತೆ ನೋಡಿಕೊಳ್ಳಿ. ಪಿತ್ತ ಲವಣ, ಬಣ್ಣ ಇರುವ ಮೀಡಿಯಾ ಆದರೆ ಮಾಸ್ಕ್ ಹಾಕಲೇಬೇಕು.

3. ನೀರಿಗೆ ಸೇರಿಸಿ, ಪಿಎಚ್ ನೋಡಿ

ಫ್ಲಾಸ್ಕಿನ ಗಾತ್ರ ಮೀಡಿಯಾದ ಎರಡರಷ್ಟು ಇರಲಿ. 250 ಮಿಲಿಗೆ 500 ಮಿಲಿಯ ಫ್ಲಾಸ್ಕ್. ಚಿಕ್ಕದಾದರೆ ಆಟೋಕ್ಲೇವಿನೊಳಗೆ ಉಕ್ಕಿ, ಹತ್ತಿಯ ಬಿರಡೆ ನೆನೆದು, ಅರ್ಧ ಮೀಡಿಯಾ ಹೊರಗೆ ಹೋಗಿರುತ್ತದೆ. ಮೊದಲು ಅರ್ಧ ನೀರು ಹಾಕಿ, ಪುಡಿ ಸುರಿದು ತಿರುಗಿಸಿ, ಆಮೇಲೆ ಉಳಿದ ನೀರಿನಿಂದ ಗೋಡೆಗೆ ಅಂಟಿದ ಪುಡಿಯನ್ನು ತೊಳೆದು ಇಳಿಸಿ. ಒಣ ಫ್ಲಾಸ್ಕಿಗೆ ಪುಡಿ ಮೊದಲು ಹಾಕಿದರೆ ತಳದಲ್ಲಿ ಗಂಟುಗಳಾಗುತ್ತವೆ.

ಬಿಡಿ ಸಾಮಗ್ರಿಯಿಂದ ಮಾಡುವವರು ಅಗರ್ ಹಾಕುವ ಮೊದಲೇ ಪಿಎಚ್ ಸರಿಮಾಡಿ. ಅಗರ್ ಹಾಕಿ ಕುದಿಸಿದ ಮೇಲೆ ಮೀಟರಿನ ಎಲೆಕ್ಟ್ರೋಡ್ ಇಳಿಸಿದರೆ ಅದರ ಮೇಲೆ ಹೆಪ್ಪು ಕಟ್ಟಿ ಎಲೆಕ್ಟ್ರೋಡೇ ಹಾಳಾಗುತ್ತದೆ. ಬಹಳ ಬ್ಯಾಕ್ಟೀರಿಯಾಗಳಿಗೆ 7.0ರಿಂದ 7.4 ಸರಿ. ಕಡಿಮೆ ಇದ್ದರೆ ದುರ್ಬಲ ಸೋಡಿಯಂ ಹೈಡ್ರಾಕ್ಸೈಡ್, ಜಾಸ್ತಿ ಇದ್ದರೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ, ಹನಿ ಹನಿಯಾಗಿ. ಹಿಂದೆ ಮುಂದೆ ಜಗ್ಗಾಡಬೇಡಿ, ಪ್ರತಿ ಸಲವೂ ಮೀಡಿಯಾಕ್ಕೆ ಉಪ್ಪು ಸೇರುತ್ತಾ ಹೋಗುತ್ತದೆ. ಸಿದ್ಧ ಪುಡಿಯಲ್ಲಿ ಈ ಕೆಲಸ ಆಗಿಯೇ ಬಂದಿರುತ್ತದೆ.

4. ಅಗರ್ ಪೂರ್ತಿ ಕರಗಲಿ

ಇಲ್ಲಿ ಸಮಯ ಕೊಡಿ. ಮೊದಲು ಪುಡಿ ನೀರಿನಲ್ಲಿ ಒಂದಷ್ಟು ಹೊತ್ತು ನೆನೆಯಲಿ. ಆಮೇಲೆ ಮಧ್ಯಮ ಉರಿಯಲ್ಲಿ ಬಿಸಿ ಮಾಡುತ್ತಾ ಫ್ಲಾಸ್ಕನ್ನು ತಿರುಗಿಸುತ್ತಾ ಇರಿ. ಅಗರ್ ತಳದಲ್ಲಿ ಕೂತು ಸೀದುಹೋಗುವುದು ಮಾಮೂಲು, ಸೀದ ವಾಸನೆ ಬಂದರೆ ಆ ಫ್ಲಾಸ್ಕ್ ಮುಗಿಯಿತು.

ಮೊದಲು ಮೀಡಿಯಾ ಮಬ್ಬಾಗಿ, ಗಂಜಿಯಂತೆ ಕಾಣುತ್ತದೆ. ಬಿಸಿ ಏರಿದಂತೆ ಸಣ್ಣ ಸಣ್ಣ ಪಾರದರ್ಶಕ ಕಣಗಳು ತೇಲುವುದು ಕಾಣುತ್ತದೆ, ಊದಿದ ಸಬ್ಬಕ್ಕಿಯ ತರ. ಅವು ಕರಗದ ಅಗರ್. ಈ ಹಂತದಲ್ಲಿ "ತಿಳಿಯಾಯ್ತು" ಅಂತ ಮೋಸಹೋಗುವವರೇ ಜಾಸ್ತಿ. ಫ್ಲಾಸ್ಕನ್ನು ಬೆಳಕಿಗೆ ಹಿಡಿದು ಒಂದು ಸುತ್ತು ತಿರುಗಿಸಿ, ಗಾಜಿನ ಗೋಡೆಯ ಮೇಲಿಂದ ಮೀಡಿಯಾ ಕೆಳಗಿಳಿಯುವುದನ್ನು ನೋಡಿ. ಕಣಗಳು ಗೋಡೆಗೆ ಅಂಟಿ ನಿಧಾನವಾಗಿ ಜಾರುತ್ತಿದ್ದರೆ ಇನ್ನೂ ಆಗಿಲ್ಲ. ಗೋಡೆ ನಯವಾಗಿ, ಎಣ್ಣೆ ಇಳಿದಂತೆ ಇಳಿದರೆ ಕರಗಿದೆ. ಒಂದು ಕುದಿ ಬಂದ ಮೇಲೆ ಇನ್ನೊಂದು ನಿಮಿಷ ಬಿಟ್ಟು ಇಳಿಸಿ.

ಹೇಗೂ ಆಟೋಕ್ಲೇವಿನಲ್ಲಿ ಕರಗುತ್ತದಲ್ಲ ಅಂತ ಈ ಹಂತ ಬಿಡುವವರಿದ್ದಾರೆ. ಕರಗುತ್ತದೆ, ನಿಜ. ಆದರೆ ತಳದಲ್ಲಿ ದಪ್ಪ, ಮೇಲೆ ತೆಳುವಾಗಿ ಪದರ ಪದರವಾಗಿ ನಿಲ್ಲುತ್ತದೆ. ಆಮೇಲೆ ಚೆನ್ನಾಗಿ ತಿರುಗಿಸದೆ ಹುಯ್ದರೆ ಮೊದಲ ನಾಲ್ಕು ಪ್ಲೇಟ್ ಲೊಳಲೊಳ, ಕೊನೆಯ ನಾಲ್ಕು ರಬ್ಬರ್.

5. ಆಟೋಕ್ಲೇವ್ ಮಾಡಿ

121 ಡಿಗ್ರಿ ಸೆಲ್ಸಿಯಸ್, ಚದರ ಇಂಚಿಗೆ 15 ಪೌಂಡ್ ಒತ್ತಡ, 15 ನಿಮಿಷ. ಈ ಸಂಖ್ಯೆ ಎಲ್ಲರಿಗೂ ಗೊತ್ತು. ಯಾಕೆ 121? ಕುದಿಯುವ ನೀರಿನ 100 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ, ಅದರ ಬೀಜಾಣು ಸಾಯುವುದಿಲ್ಲ. ಬೀಜಾಣು ಅಂದರೆ ಕಷ್ಟಕಾಲಕ್ಕೆಂದು ಕೆಲವು ಬ್ಯಾಕ್ಟೀರಿಯಾಗಳು ಕಟ್ಟಿಕೊಳ್ಳುವ ಗಟ್ಟಿ ಕವಚದ ರೂಪ. ಅದನ್ನು ಕೊಲ್ಲುವುದು ಒತ್ತಡ ಅಲ್ಲ, ಹಬೆಯ ಬಿಸಿ. ಒತ್ತಡ ಬೇಕಾಗಿರೋದು ಹಬೆಯನ್ನು 121ಕ್ಕೆ ಏರಿಸಲು ಮಾತ್ರ.

ಇದು ತಲೆಗೆ ಹೋದರೆ ಗಾಳಿಯ ವಿಷಯ ತಾನಾಗಿ ಅರ್ಥವಾಗುತ್ತದೆ. ಒಳಗೆ ಗಾಳಿ ಉಳಿದಿದ್ದರೆ ಒತ್ತಡದ ಮುಳ್ಳು 15 ಅಂತಲೇ ತೋರಿಸುತ್ತದೆ, ಆದರೆ ಬಿಸಿ 121ಕ್ಕೆ ಏರಿರುವುದಿಲ್ಲ. ಅರ್ಧ ಗಾಳಿ ಮಾತ್ರ ಹೊರಗೆ ಹೋಗಿದ್ದರೆ ಒಳಗಿನ ಬಿಸಿ ಸುಮಾರು 112 ಡಿಗ್ರಿ ಅಷ್ಟೇ. ಆದ್ದರಿಂದ ಕೈಯಿಂದ ನಡೆಸುವ ಆಟೋಕ್ಲೇವ್ ಆದರೆ ಕವಾಟ ತೆರೆದಿಟ್ಟು, ಹಬೆ ತಡೆಯಿಲ್ಲದೆ ಜೋರಾಗಿ ಬರುವವರೆಗೆ ಕಾದು, ಅದಾದ ಮೇಲೂ ಕೆಲವು ನಿಮಿಷ ಬಿಟ್ಟು, ಆಮೇಲೆ ಕವಾಟ ಮುಚ್ಚಿ. 15 ನಿಮಿಷದ ಲೆಕ್ಕ ಶುರುವಾಗೋದು 121 ಮುಟ್ಟಿದ ಮೇಲೆ, ಸ್ವಿಚ್ ಹಾಕಿದಾಗಿನಿಂದ ಅಲ್ಲ.

ಪ್ರೆಷರ್ ಕುಕ್ಕರ್ ನಡೆಯುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಅದು 15 ಪೌಂಡ್ ಒತ್ತಡದ್ದಾಗಿದ್ದರೆ ಸಣ್ಣ ಪ್ರಮಾಣಕ್ಕೆ ನಡೆಯುತ್ತದೆ, ಗಾಳಿ ಬಿಡುವ ನಿಯಮ ಅದಕ್ಕೂ ಅನ್ವಯಿಸುತ್ತದೆ. ಮೊದಲು ಹಬೆ ಧಾರೆಯಾಗಿ ಬರಲಿ, ಆಮೇಲೆ ವೆಯ್ಟ್ ಹಾಕಿ. ಸೀಟಿ ಎಣಿಸಬೇಡಿ, ಗಡಿಯಾರ ನೋಡಿ. ಸಮುದ್ರ ಮಟ್ಟದಿಂದ 1000 ಮೀಟರ್ ಮೇಲಿದ್ದರೆ ಅದೇ 15 ಪೌಂಡಿಗೆ ಒಳಗಿನ ಬಿಸಿ ಸುಮಾರು 2 ಡಿಗ್ರಿ ಕಡಿಮೆ ಇರುತ್ತದೆ, ಹಾಗಾಗಿ ಸಮಯ ಸ್ವಲ್ಪ ಹೆಚ್ಚಿಸಿ. ಈ ಕುಕ್ಕರ್ ಮತ್ತೆ ಅಡುಗೆಗೆ ಹೋಗಬಾರದು, ಇದನ್ನು ಒತ್ತಿ ಹೇಳುತ್ತೇನೆ.

ಇನ್ನು ಕೆಲವು ಸಂಗತಿಗಳು. ತಿರುಪಿನ ಮುಚ್ಚಳವನ್ನು ಸಡಿಲ ಬಿಡಿ, ಬಿಗಿಯಾಗಿ ಮುಚ್ಚಿದ ಬಾಟಲಿ ಒಡೆಯಬಹುದು. ಹತ್ತಿಯ ಬಿರಡೆಯ ಮೇಲೆ ಅಲ್ಯುಮಿನಿಯಂ ಹಾಳೆ ಸುತ್ತಿ, ಇಲ್ಲದಿದ್ದರೆ ಅದು ಹಬೆಯಿಂದ ಒದ್ದೆಯಾಗಿ, ಒದ್ದೆ ಹತ್ತಿಯ ಮೂಲಕ ಸೂಕ್ಷ್ಮಜೀವಿಗಳು ಒಳಗೆ ಇಳಿಯುತ್ತವೆ. 1 ಲೀಟರಿನ ಒಂದು ಫ್ಲಾಸ್ಕಿನ ನಡುಭಾಗ ಬಿಸಿಯಾಗಲು ತುಂಬಾ ಹೊತ್ತು ಬೇಕು. ಅದರ ಬದಲು 250 ಮಿಲಿಯ ನಾಲ್ಕು ಮಾಡಿ. ಆಟೋಕ್ಲೇವ್ ಟೇಪಿನ ಪಟ್ಟಿ ಕಪ್ಪಾಯಿತು ಅಂದರೆ ಬಿಸಿ ತಗುಲಿದೆ ಅಂತ ಅರ್ಥ, ಸ್ಟೆರೈಲ್ ಆಗಿದೆ ಅಂತ ಅಲ್ಲ. ನಿಜವಾದ ಪರೀಕ್ಷೆಗೆ ಜಿಯೋಬ್ಯಾಸಿಲಸ್ ಸ್ಟೀರೊಥರ್ಮೊಫಿಲಸ್ ಬೀಜಾಣುಗಳ ಪಟ್ಟಿ ಸಿಗುತ್ತದೆ. ಆಗಾಗ ಒಂದನ್ನು ಒಳಗಿಟ್ಟು ನೋಡಿ.

ಎಲ್ಲ ಮೀಡಿಯಾವನ್ನೂ ಆಟೋಕ್ಲೇವ್ ಮಾಡಬಾರದು. ಕರುಳಿನ ರೋಗಾಣುಗಳನ್ನು ಗುರುತಿಸುವ ಎಕ್ಸ್‌ಎಲ್‌ಡಿ, ಎಸ್‌ಎಸ್ ಅಗರ್, ಟಿಸಿಬಿಎಸ್ ಇವುಗಳನ್ನು ಕುದಿಸಿದರೆ ಸಾಕು, ಆಟೋಕ್ಲೇವ್ ಮಾಡಿದರೆ ಕೆಡುತ್ತವೆ. ಡಬ್ಬಿಯ ಮೇಲೆ ಬರೆದಿರುತ್ತದೆ, ಓದುವವರು ಕಡಿಮೆ.

ಮುಗಿದ ಮೇಲೆ ಮುಳ್ಳು ಸೊನ್ನೆಗೆ ಬರುವವರೆಗೆ ಮುಚ್ಚಳ ಮುಟ್ಟಬೇಡಿ. ಒತ್ತಡವನ್ನು ಬಲವಂತವಾಗಿ ಬಿಟ್ಟರೆ ಫ್ಲಾಸ್ಕಿನೊಳಗಿನ ಮೀಡಿಯಾ ಒಮ್ಮೆಲೇ ಕುದಿದು ಉಕ್ಕುತ್ತದೆ. ಹೊರತೆಗೆದ ತಕ್ಷಣ ಅಲ್ಲಾಡಿಸಲೂ ಬೇಡಿ. ಸುಮ್ನೆ ನಿಂತಂತೆ ಕಾಣುವ ಅಗರ್ ಅಲ್ಲಾಡಿದ ಕೂಡಲೇ ಚಿಮ್ಮಿ ಕೈ ಸುಡುತ್ತದೆ. ಚರ್ಮಕ್ಕೆ ಅಂಟಿಕೊಳ್ಳುವುದರಿಂದ ನೀರಿಗಿಂತ ಕೆಟ್ಟದಾಗಿ ಸುಡುತ್ತದೆ. ಐದು ನಿಮಿಷ ಬಿಟ್ಟು ಮೆಲ್ಲಗೆ ತಿರುಗಿಸಿ.

6. 45-50 ಡಿಗ್ರಿಗೆ ತಣಿಸಿ, ಸೇರಿಸುವುದಿದ್ದರೆ ಈಗ ಸೇರಿಸಿ

ಅತಿ ಒಳ್ಳೆಯ ದಾರಿ ಅಂದರೆ 50 ಡಿಗ್ರಿಯ ನೀರಿನ ಬಾತ್‌ನಲ್ಲಿ ಅರ್ಧ ಗಂಟೆ ಇಡುವುದು. ಅದಿಲ್ಲದಿದ್ದರೆ ಬರಿಗೈಯಲ್ಲಿ ಫ್ಲಾಸ್ಕಿನ ತಳ ಮುಟ್ಟಿ ನೋಡಿ: ಬಿಸಿ ಚುರುಕಾಗಿ ತಿಳಿಯಬೇಕು, ಆದರೆ ಕೆಲವು ಸೆಕೆಂಡ್ ಹಿಡಿದುಕೊಳ್ಳಲು ಆಗಬೇಕು. ಮೇಜಿನ ಮೇಲೆ ಬಿಟ್ಟು ಚಹಾಕ್ಕೆ ಹೋಗಬೇಡಿ, ಬರುವಷ್ಟರಲ್ಲಿ ಅಂಚಿನಲ್ಲಿ ಗಂಟು ಕಟ್ಟಿರುತ್ತದೆ.

ಬಿಸಿ ತಡೆಯದ ವಸ್ತುಗಳಿಗೆ ಇದೇ ಸಮಯ. ಆಂಪಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಆದರೆ ಮಿಲಿಗೆ 100 ಮಿಲಿಗ್ರಾಂ ಇರುವ ಸ್ಟಾಕ್ (ಗಾಢ ದ್ರಾವಣ) ಮಾಡಿ, 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿಟ್ಟುಕೊಳ್ಳಿ. 250 ಮಿಲಿ ಮೀಡಿಯಾಕ್ಕೆ 250 ಮೈಕ್ರೋಲೀಟರ್ ಹಾಕಿದರೆ ಮಿಲಿಗೆ 100 ಮೈಕ್ರೋಗ್ರಾಂ ಆಗುತ್ತದೆ. 80 ಡಿಗ್ರಿಯ ಮೀಡಿಯಾಕ್ಕೆ ಹಾಕಿದರೆ ಆ್ಯಂಟಿಬಯಾಟಿಕ್ ಕೆಟ್ಟು, ಬರಬಾರದ ಬ್ಯಾಕ್ಟೀರಿಯಾಗಳೆಲ್ಲ ಬರುತ್ತವೆ. ಸಕ್ಕರೆಯನ್ನೂ ಆದಷ್ಟು ಬೇರೆಯಾಗಿ ಸ್ಟೆರಿಲೈಸ್ ಮಾಡಿ ಈಗ ಸೇರಿಸಿ. ಅಮೈನೊ ಆಮ್ಲಗಳ ಜೊತೆ ಗ್ಲೂಕೋಸ್ ಕುದಿದರೆ ಮೀಡಿಯಾ ಕಂದಾಗುತ್ತದೆ.

ಬ್ಯಾಕ್ಟೀರಿಯಾ ಬರದಂತೆ ಪಿಡಿಎಯನ್ನು ಇನ್ನೂ ಹುಳಿ ಮಾಡುವವರು ಸ್ಟೆರೈಲ್ ಟಾರ್ಟಾರಿಕ್ ಆಮ್ಲವನ್ನು ಈಗ ಹಾಕಿ ಪಿಎಚ್ 3.5ಕ್ಕೆ ಇಳಿಸುತ್ತಾರೆ. ಹಾಕಿದ ಮೇಲೆ ಮತ್ತೆ ಬಿಸಿ ಮಾಡಬೇಡಿ. ಹುಳಿ ಮತ್ತು ಬಿಸಿ ಸೇರಿದರೆ ಅಗರ್ ತುಂಡಾಗಿ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ರಕ್ತದ ಅಗರಿಗೆ ಶೇ. 5ರಷ್ಟು ಕುರಿ ರಕ್ತ ಸೇರಿಸುವುದೂ ಈ ಹಂತದಲ್ಲೇ. ಇದು ತರಬೇತಿ ಪಡೆದವರ ಕೆಲಸ. ಮನುಷ್ಯರ ರಕ್ತವನ್ನಂತೂ ಬಳಸಬೇಡಿ. ಸೋಂಕಿನ ಭಯ ಒಂದು ಕಡೆ, ಅದರಲ್ಲಿರುವ ಆ್ಯಂಟಿಬಾಡಿಗಳೋ ಔಷಧಿಯ ಉಳಿಕೆಯೋ ಬೆಳವಣಿಗೆಯನ್ನು ತಡೆಯುವುದು ಇನ್ನೊಂದು ಕಡೆ.

7. ಹುಯ್ಯಿರಿ

ಮೇಜನ್ನು ಶೇ. 70 ಆಲ್ಕೋಹಾಲಿನಿಂದ ಒರೆಸಿ. ಅದು ಪೂರ್ತಿ ಆರಿದ ಮೇಲಷ್ಟೇ ಬರ್ನರ್ ಹಚ್ಚಿ. ಒದ್ದೆ ಕೈಗವಸಿಗೆ ಬೆಂಕಿ ಹತ್ತಿದ್ದು ಒಂದೆರಡು ಸಲ ಅಲ್ಲ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮಾತು ನಿಲ್ಲಿಸಿ.

ತಟ್ಟೆಗಳ ತಳದ ಮೇಲೆ ಮೊದಲೇ ಮೀಡಿಯಾದ ಹೆಸರು, ತಾರೀಕು ಬರೆಯಿರಿ. ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲುಬದಲಾದ ದಿನ ಪೇಚಿಗೆ ಸಿಕ್ಕುತ್ತೀರಿ.

ಫ್ಲಾಸ್ಕಿನ ಬಿರಡೆಯನ್ನು ಕಿರುಬೆರಳು ಮತ್ತು ಅಂಗೈ ನಡುವೆ ಹಿಡಿದೇ ತೆಗೆಯಿರಿ, ಮೇಜಿನ ಮೇಲೆ ಇಡಬೇಡಿ. ಬಾಯಿಯನ್ನು ಒಮ್ಮೆ ಜ್ವಾಲೆಯಲ್ಲಿ ಹಾಯಿಸಿ. ಇನ್ನೊಂದು ಕೈಯಲ್ಲಿ ತಟ್ಟೆಯ ಮುಚ್ಚಳವನ್ನು ಒಂದೇ ಬದಿಯಿಂದ ಎತ್ತಿ, ಚಿಪ್ಪು ಬಾಯಿ ತೆರೆದಂತೆ, ಫ್ಲಾಸ್ಕಿನ ಬಾಯಿ ತೂರುವಷ್ಟು ಮಾತ್ರ. ಮುಚ್ಚಳ ತಟ್ಟೆಯ ಮೇಲೇ ಕೊಡೆಯಂತೆ ಇರಲಿ. ಒಂದೇ ಧಾರೆಯಲ್ಲಿ ಹುಯ್ದು, ತಳ ತುಂಬಿದ ಕೂಡಲೇ ನಿಲ್ಲಿಸಿ, ಮುಚ್ಚಿ, ತಟ್ಟೆಯನ್ನು ಮೇಜಿನ ಮೇಲೇ ಮೆಲ್ಲಗೆ ಒಂದು ಸುತ್ತು ಜರುಗಿಸಿ. ಎತ್ತಿ ಅಲ್ಲಾಡಿಸಿದರೆ ಮೀಡಿಯಾ ಮುಚ್ಚಳಕ್ಕೆ ಚಿಮ್ಮುತ್ತದೆ. ಮುಂದೆ ಬೂಷ್ಟು ಒಳಗೆ ಬರೋದು ಆ ಅಂಟಿನ ದಾರಿಯಲ್ಲೇ.

ಗುಳ್ಳೆ ಬಂದರೆ ಮೀಡಿಯಾ ಇನ್ನೂ ದ್ರವವಾಗಿರುವಾಗಲೇ ಬರ್ನರಿನ ಜ್ವಾಲೆಯನ್ನು ಮೇಲ್ಮೈ ಮೇಲೆ ಒಂದು ಕ್ಷಣ ಹಾಯಿಸಿದರೆ ಪಟ್ಟನೆ ಒಡೆಯುತ್ತವೆ. ಒಂದು ಕ್ಷಣ ಮಾತ್ರ, ಪ್ಲಾಸ್ಟಿಕ್ ತಟ್ಟೆ ಕರಗುತ್ತದೆ. ಹುಯ್ದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಡಿ. ನಿಧಾನವಾಗಿ ತಣಿದರೆ ಮುಚ್ಚಳದ ಒಳಗೆ ನೀರು ಹನಿ ಕಟ್ಟುವುದು ಕಡಿಮೆಯಾಗುತ್ತದೆ.

8. ಒಣಗಿಸಿ, ಪರೀಕ್ಷೆ ಮಾಡಿ

ಗಟ್ಟಿಯಾಗಲು ಅರ್ಧ ಗಂಟೆ ಸಾಕು. ಆಮೇಲೆ ಕೋಣೆಯ ಬಿಸಿಯಲ್ಲಿ ಒಂದು ರಾತ್ರಿ ಬೋರಲು ಹಾಕಿಡಿ. ಅವಸರ ಇದ್ದರೆ ಲ್ಯಾಮಿನಾರ್ ಫ್ಲೋನಲ್ಲಿ ಮುಚ್ಚಳ ಓರೆ ಮಾಡಿ 15-20 ನಿಮಿಷ ಇಡಿ. ಒದ್ದೆ ಪ್ಲೇಟಿನ ಮೇಲೆ ಕಲ್ಚರಿನ ಗೆರೆ ಎಳೆದರೆ ಬಿಡಿ ಕಾಲೊನಿಗಳು ಬರುವುದಿಲ್ಲ, ಎಲ್ಲ ಕೂಡಿ ಹರಿದಾಡುತ್ತವೆ.

ಆಮೇಲೆ ಎರಡು ಪ್ಲೇಟ್‌ಗಳನ್ನು ಏನೂ ಹಾಕದೆ 37 ಡಿಗ್ರಿಯಲ್ಲಿ 24 ಗಂಟೆ ಇಡಿ. ಅದರಲ್ಲಿ ಏನೂ ಬರಬಾರದು. ಇನ್ನೊಂದಕ್ಕೆ ಖಚಿತವಾಗಿ ಗೊತ್ತಿರುವ ಕಲ್ಚರ್ ಹಾಕಿ. ಅದರಲ್ಲಿ ಚೆನ್ನಾಗಿ ಬರಬೇಕು. 12ರಲ್ಲಿ 3 ಪ್ಲೇಟ್ ವ್ಯರ್ಥ ಅನ್ನಿಸಬಹುದು. ಈ ಮೂರಿಲ್ಲದೆ ಉಳಿದ 9ರಲ್ಲಿ ಬಂದದ್ದನ್ನು ನಾನು ನಂಬುವುದಿಲ್ಲ.

9. ಎತ್ತಿಡಿ

ಬೋರಲು ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, 4 ಡಿಗ್ರಿಯ ಫ್ರಿಜ್ಜಿನಲ್ಲಿ. ಫ್ರೀಜರಿನಲ್ಲಿ ಬೇಡ, ಹೆಪ್ಪುಗಟ್ಟಿ ಕರಗಿದರೆ ಅಗರ್ ನೀರು ಬಿಡುತ್ತದೆ. ಬಣ್ಣ ಇರುವ ಮೀಡಿಯಾಕ್ಕೆ ಬೆಳಕು ತಾಗದಿರಲಿ. ಆಂಪಿಸಿಲಿನ್ ಪ್ಲೇಟ್ ಕೆಲವೇ ವಾರ ಬಾಳುತ್ತದೆ. ಉಳಿದ ಮೀಡಿಯಾವನ್ನು ಬಾಟಲಿಯಲ್ಲೇ ಗಟ್ಟಿಯಾಗಲು ಬಿಟ್ಟು ಮುಂದೆ ಕರಗಿಸಿ ಬಳಸಬಹುದು, ಒಂದೇ ಸಲ. ಬಳಸುವ ಮುನ್ನ ಫ್ರಿಜ್ಜಿನಿಂದ ತೆಗೆದು ಕೋಣೆಯ ಬಿಸಿಗೆ ಬರಲು ಬಿಡಿ.

ಕೆಟ್ಟರೆ ಎಲ್ಲಿ ನೋಡಬೇಕು

ಗಟ್ಟಿ ಆಗಲಿಲ್ಲ: ಅಗರ್ ಕರಗಿಲ್ಲ, ಅಳತೆ ತಪ್ಪಿದೆ, ಪಿಎಚ್ ತೀರಾ ಹುಳಿ, ಆಟೋಕ್ಲೇವಿನಲ್ಲಿ ತುಂಬಾ ಹೊತ್ತು ಇತ್ತು, ಅಥವಾ ಮತ್ತೆ ಮತ್ತೆ ಕರಗಿಸಿದ್ದೀರಿ. ಮೇಲಿಂದ ಅಗರ್ ಪುಡಿ ಉದುರಿಸಿ ಸರಿಮಾಡಲು ಹೋಗಬೇಡಿ, ಹೊಸದಾಗಿ ಮಾಡಿ.

ಕಂದು ಬಣ್ಣ: ಬಿಸಿ ಜಾಸ್ತಿ ಆಗಿದೆ. ತಿಳಿ ಕಂದು ಆದರೆ ಸಾಮಾನ್ಯ ಕೆಲಸಕ್ಕೆ ನಡೆಯುತ್ತದೆ. ಆದರೆ ಪಿಎಚ್ ಇಳಿದಿರುತ್ತದೆ, ಬಣ್ಣ ನೋಡಿ ಗುರುತಿಸುವ ಮೀಡಿಯಾ ಆದರೆ ಎಸೆಯಿರಿ.

ಏನೂ ಹಾಕದ ಪ್ಲೇಟಿನಲ್ಲಿ ಕಾಲೊನಿ: ಎಲ್ಲಿ ಬಂದಿದೆ ನೋಡಿ. ಮೇಲ್ಮೈ ಮೇಲೆ ಮಾತ್ರ ಇದ್ದರೆ ಹುಯ್ಯುವಾಗಲೋ ಆಮೇಲೋ ಗಾಳಿಯಿಂದ ಬಂದದ್ದು. ಅಗರಿನ ಒಳಗೆ ಹುದುಗಿ ಸಣ್ಣ ಮಸೂರದಂತೆ ಕಂಡರೆ ಹೆಪ್ಪುಗಟ್ಟುವ ಮೊದಲೇ ಒಳಗಿತ್ತು, ಹಾಗಾಗಿ ಆಟೋಕ್ಲೇವನ್ನು ಅಥವಾ ನೀವು ಸೇರಿಸಿದ ದ್ರಾವಣವನ್ನು ಅನುಮಾನಿಸಿ. ಹೊಸಬರಿಗೆ ಇದೊಂದನ್ನು ಯಾರೂ ಹೇಳಿಕೊಡುವುದಿಲ್ಲ.

ಆಂಪಿಸಿಲಿನ್ ಪ್ಲೇಟಿನಲ್ಲಿ ದೊಡ್ಡ ಕಾಲೊನಿಯ ಸುತ್ತ ಪುಟ್ಟ ಪುಟ್ಟ ಚುಕ್ಕೆಗಳು: ದೊಡ್ಡದು ಬಿಡುವ ಕಿಣ್ವ ಸುತ್ತಲಿನ ಆಂಪಿಸಿಲಿನ್ ಅನ್ನು ಒಡೆದು ಹಾಕಿದೆ, ಆ ನೆರಳಿನಲ್ಲಿ ಉಳಿದವು ತಲೆ ಎತ್ತಿವೆ. ಚುಕ್ಕೆಗಳನ್ನು ಮುಟ್ಟಬೇಡಿ, ದೊಡ್ಡದನ್ನೇ ಆರಿಸಿ. ಇಡೀ ದಿನಕ್ಕಿಂತ ಜಾಸ್ತಿ ಹೊತ್ತು ಇನ್‌ಕ್ಯುಬೇಟರಿನಲ್ಲಿ ಬಿಡಬೇಡಿ.

ಏನೂ ಬೆಳೆಯಲಿಲ್ಲ: ಲೂಪ್ (ಜ್ವಾಲೆಯಲ್ಲಿ ಕಾಯಿಸಿ ಕಲ್ಚರ್ ಎತ್ತುವ ತಂತಿ) ತಣಿಯುವ ಮೊದಲೇ ಕಲ್ಚರ್ ಮುಟ್ಟಿದಿರಾ? ಬಿಸಿ ಸರಿಯಿತ್ತಾ? ಬೂಷ್ಟಿಗೆ 25-28 ಡಿಗ್ರಿ ಮತ್ತು 5-7 ದಿನ ಬೇಕು, 37ರಲ್ಲಿ ಒಂದು ದಿನ ಇಟ್ಟು ಬರಲಿಲ್ಲ ಅಂದರೆ ಹೇಗೆ? ಕ್ಷಯದ ಬ್ಯಾಕ್ಟೀರಿಯಾ ಮೊಟ್ಟೆ ಸೇರಿಸಿದ ವಿಶೇಷ ಮೀಡಿಯಾದಲ್ಲೂ ಕಾಣಿಸಿಕೊಳ್ಳಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಕುಷ್ಠದ ಬ್ಯಾಕ್ಟೀರಿಯಾವನ್ನು ಕೃತಕ ಮೀಡಿಯಾದಲ್ಲಿ ಇವತ್ತಿನವರೆಗೂ ಯಾರಿಗೂ ಬೆಳೆಸಲು ಆಗಿಲ್ಲ. ಹಾಗಾಗಿ ಎಲ್ಲ ಸಲ ತಪ್ಪು ನಿಮ್ಮದೇ ಆಗಿರಬೇಕಿಲ್ಲ.

ಬಳಸಿದ ಪ್ಲೇಟ್ ಎಸೆಯುವುದು

ಬೆಳೆದ ಪ್ಲೇಟನ್ನು ಹಾಗೇ ಕಸದ ಬುಟ್ಟಿಗೆ ಹಾಕಬೇಡಿ, ಮುಚ್ಚಳ ತೆರೆದು ಮೂಸಲೂ ಬೇಡಿ. ಆಟೋಕ್ಲೇವ್ ಚೀಲಕ್ಕೆ ಹಾಕಿ, ಬಾಯಿ ಸ್ವಲ್ಪ ಸಡಿಲ ಬಿಟ್ಟು, 121 ಡಿಗ್ರಿಯಲ್ಲಿ ಕನಿಷ್ಠ 30 ನಿಮಿಷ ಇಡಿ. ಕಸಕ್ಕೆ ಮೀಡಿಯಾಕ್ಕಿಂತ ಜಾಸ್ತಿ ಸಮಯ ಬೇಕು. ಆಟೋಕ್ಲೇವ್ ಇಲ್ಲದಿದ್ದರೆ ಮನೆಬಳಕೆಯ ಬ್ಲೀಚನ್ನು ಹತ್ತರಲ್ಲಿ ಒಂದು ಭಾಗದಂತೆ ಬಳಸುವ ಹೊತ್ತಿಗೇ ನೀರಿಗೆ ಬೆರೆಸಿ, ಪ್ಲೇಟ್ ಪೂರ್ತಿ ಮುಳುಗುವಂತೆ ಹಾಕಿ ಅರ್ಧ ಗಂಟೆ ಬಿಡಿ. ಬ್ಲೀಚ್ ಹಾಕಿದ್ದನ್ನು ಆಮೇಲೆ ಆಟೋಕ್ಲೇವಿಗೆ ಇಡಬಾರದು, ವಿಷಗಾಳಿ ಬರುತ್ತದೆ. ಕರಗಿದ ಅಗರನ್ನು ಸಿಂಕಿಗೆ ಸುರಿಯಬೇಡಿ. ಪೈಪಿನೊಳಗೆ 40 ಡಿಗ್ರಿಗೆ ಇಳಿದ ಕೂಡಲೇ ಅದು ಅಲ್ಲೇ ಹೆಪ್ಪುಗಟ್ಟುತ್ತದೆ, ಆಮೇಲೆ ಬಿಸಿನೀರು ಎಷ್ಟು ಹುಯ್ದರೂ ಸುಲಭಕ್ಕೆ ಬಿಡುವುದಿಲ್ಲ.